ಹಿಡಿಯುವುದಷ್ಟೇ, ತಳ್ಳುವ ಹಾಗಿಲ್ಲ

ದೊಡ್ಡಪ್ಪ ಕೈಗೆ ಏನು ಸಿಕ್ಕರೂ ತಳ್ಳಿಬಿಡುತ್ತಿದ್ದ. ತಪ್ಪು ಅವನದಲ್ಲ ಬಿಡಿ, ಹರೆಯದಿಂದಲೂ ಗೋದಾಮಿನಲ್ಲಿ ಗಾಡಿ ತಳ್ಳಿದ ಕೈ. ಊಟದ ತಟ್ಟೆಯನ್ನೂ ಮೇಜಿನ ಮೇಲೆ ಇಡುತ್ತಿರಲಿಲ್ಲ, ತಳ್ಳುತ್ತಿದ್ದ.

ಇಂಥವನಿಗೆ, ಮನೆಯವರೆಲ್ಲ ಬುಗುರಿ ಎಂದು ಕರೆಯುವ ತಮ್ಮನ ಮಗಳ ರೇಸ್ ಸೈಕಲ್ ಹಿಡಿಯುವ ಕೆಲಸ ಬಿತ್ತು. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕಿಲ್ಲ, ಸ್ಟ್ಯಾಂಡಿಲ್ಲ. ಎರಡೂ ಕಾಲು ಪೆಡಲಿಗೆ ಬಿಗಿದುಕೊಂಡು ಕೂತವಳನ್ನು ಸೀಟಿ ಊದುವವರೆಗೆ ಯಾರಾದರೂ ಹಿಂದಿನಿಂದ ಹಿಡಿದಿರಬೇಕು. ಕೋಚ್ ಗಡಿಯಾರ ಹಿಡಿದು ಆಚೆ ತಿರುವಿನಲ್ಲಿ ನಿಲ್ಲುವವರು. ಹಾಗಾಗಿ ದಿನಾ ಬೆಳಿಗ್ಗೆ, ಪಾಳಿಗೆ ಹೋಗುವ ಮುಂಚೆ, ದೊಡ್ಡಪ್ಪನೇ ಗತಿ.

ಸೈಕಲ್ ತಂಡದ ಆಯ್ಕೆಯ ದಿನ ಬಂತು. ಒಬ್ಬೊಬ್ಬರೇ ಓಡಿಸಬೇಕು, ಎರಡು ಸುತ್ತು. ಮೊದಲ ಮೂವರಿಗೆ ತಂಡದ ಶಿಬಿರ, ಉಳಿದವರಿಗೆ ಮನೆ. ಸೀಟಿ ಕೇಳಿಸಿತು. ದೊಡ್ಡಪ್ಪ ತಳ್ಳಿಯೇಬಿಟ್ಟ! ಹುಟ್ಟುಗುಣ ಸುಟ್ಟರೂ ಹೋಗದು ಅಂತ ಸುಮ್ಮನೆ ಹೇಳುತ್ತಾರೆಯೇ?

ರೆಫರಿ ಓಡಿಬಂದು ನಿಲ್ಲಿಸಿದರು. "ಯಜಮಾನ್ರೇ, ಹಿಡ್ಕೊಳ್ಳಿ ಅಂದಿದ್ದು, ತಳ್ಳಿ ಅಂತಲ್ಲ. ಇನ್ನೊಂದ್ಸಲ ಹೀಗಾದ್ರೆ ಹುಡುಗಿ ಔಟ್."

ದೊಡ್ಡಪ್ಪನಿಗೆ ಆಗ ಹೊಳೆಯಿತು. ಅಯ್ಯೋ, ಅಭ್ಯಾಸದಲ್ಲೂ ತಾನು ದಿನಾ ತಳ್ಳಿದ್ದೇ ಅಲ್ಲವೇ? ಕೋಚ್ ಬೆನ್ನು ತಟ್ಟಿದ ಆ ವೇಗದಲ್ಲೆಲ್ಲ ತನ್ನ ಕೈಯ ಪಾಲೂ ಇತ್ತಲ್ಲ!

"ಬೇರೆ ಯಾರನ್ನಾದ್ರೂ ಕರಿ ಮಗಾ," ಎಂದ ಬುಗುರಿಗೆ. "ದಿನಾ ತಳ್ಳಿದ್ದೀನಿ ಕಣೇ. ನಿನ್ನ ಟೈಮೆಲ್ಲ ಸುಳ್ಳು."

"ಗೊತ್ತು."

"ಗೊತ್ತಾ?"

"ನೀನು ತಳ್ಳಿದ್ದು ನಂಗೆ ಗೊತ್ತಾಗಲ್ವಾ ದೊಡ್ಡಪ್ಪ? ಖುಷಿಯಾಗ್ತಿತ್ತು, ಸುಮ್ನಿದ್ದೆ. ಈಗ ಬಂದು ಹಿಡಿ. ಬೇರೆಯವರು ಹಿಡಿದ್ರೆ ನಂಗೆ ಭಯ."

ಮತ್ತೆ ಹಿಡಿದ. ಸೀಟಿ ಊದಿದ್ದೇ ತಡ, ಪೊಲೀಸರ ಕೈಗೆ ಸಿಕ್ಕವನಂತೆ ಎರಡೂ ಕೈ ಮೇಲೆತ್ತಿ ನಿಂತ. ಸೈಕಲ್ ಅಲ್ಲೇ ನಿಂತುಹೋಯಿತೇನೋ ಅನ್ನಿಸಿತು. ಅಷ್ಟರಲ್ಲಿ ಹುಡುಗಿ ಪೆಡಲಿನ ಮೇಲೆ ಎದ್ದು, ಹಲ್ಲು ಕಚ್ಚಿ, ಅದನ್ನು ಎಳೆದುಕೊಂಡು ಹೊರಟಳು. ಕೈ ಇಳಿಸುವುದನ್ನೂ ಮರೆತು ದೊಡ್ಡಪ್ಪ "ತುಳಿ ಬುಗುರಿ, ತುಳಿಯೇ!" ಎಂದು ಕಿರುಚಿದ. ಎರಡನೆಯ ಸುತ್ತಿನಲ್ಲಿ ಅವನ ದನಿಯೇ ಬಿದ್ದುಹೋಗಿತ್ತು.

ಕೂದಲೆಳೆಯ ಅಂತರದಲ್ಲಿ ಮೂರನೆಯವಳಾದಳು. ದೊಡ್ಡಪ್ಪ ನಾಚಿಕೆ ಬಿಟ್ಟು ಅತ್ತ.

ಕೋಚ್ ಬಂದು ಅವನ ಕೈ ಕುಲುಕಿದರು. "ಶಿಬಿರದಲ್ಲಿ ಹಿಡಿಯೋಕೆ ಅವರದೇ ಜನ ಇದ್ದಾರೆ. ನಾಳೆಯಿಂದ ನೀವು ಆರಾಮಾಗಿ ನಿದ್ದೆ ಮಾಡಿ."

"ಹೌದು ಹೌದು," ಎಂದು ದೊಡ್ಡಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು. ಬೆವರಿನಲ್ಲಿ ತೊಯ್ದಿದ್ದ ಬುಗುರಿಯ ತಲೆಯನ್ನು ತನ್ನ ಟವೆಲ್ಲಿನಿಂದ ಒರೆಸುತ್ತ ಹೇಳಿದ: "ಅಲ್ಲಿ ಹಿಡಿಯೋರಿಗೆ ಹೇಳು, ಉಸಿರು ಬಿಗಿಹಿಡಿದಾಗ ನೀನು ಒಂಚೂರು ಎಡಕ್ಕೆ ವಾಲ್ತೀಯ. ಆ ಕಡೆ ಕೈ ಗಟ್ಟಿ ಇರ್ಲಿ."

"ನೀನೇ ಬಂದು ಹೇಳು."

"ಬೇಡ ಮಗಾ," ಎಂದ ದೊಡ್ಡಪ್ಪ. "ನಾನು ಬಂದ್ರೆ ನಿನ್ನ ಬಿಟ್ಟು ವಾಪಸ್ ಬರೋಕಾಗಲ್ಲ."