ಬಂಗಲೆಯಲ್ಲಿ ಆಡದೆ ಉಳಿದ ಮಾತು

ಬಾರ್ಬಡೋಸಿನ ಹಳೇ ಕಬ್ಬಿನ ತೋಟಗಳ ಬಂಗಲೆಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವುದು ಕಾರ್ಲೈಲ್‌ನ ಕೆಲಸ. ಒಂದು ದಿನ ವ್ಯಾನಿನಲ್ಲಿ ಸೀಟು ಖಾಲಿ ಇತ್ತೆಂದು ದೊಡ್ಡಮ್ಮ ಐಯಾಂತಿಯನ್ನೂ ಕೂರಿಸಿಕೊಂಡ. ಎಂಬತ್ತು ದಾಟಿದ ಮುದುಕಿ ಚರ್ಚಿಗೆ ಹಾಕುವ ಹ್ಯಾಟನ್ನೇ ಹಾಕಿಕೊಂಡು ಬಂದಳು.

ಆ ದಿನ ನೋಡಬೇಕಿದ್ದ ಕೊನೆಯ ಬಂಗಲೆಯಲ್ಲಿ, ಅವಳು ಚಿಕ್ಕವಳಿದ್ದಾಗ, ಅವಳ ತಾಯಿ ಬಟ್ಟೆ ಒಗೆಯುತ್ತಿದ್ದಳು. ಇಸ್ತ್ರಿ ಮಾಡುವಾಗ ಧಣಿಯ ಮಗಳ ಮದುವೆಯ ಉಡುಪು ಸುಟ್ಟಿತೆಂದು ತಾಯಿಯನ್ನೂ ಮಕ್ಕಳನ್ನೂ ತೋಟದ ಗುಡಿಸಲಿನಿಂದ ಆ ಸಂಜೆಯೇ ಹೊರಹಾಕಿದ್ದರು. ಸುರಿಯುವ ಮಳೆಯಲ್ಲಿ ನಡೆದು ಜ್ವರ ಹಿಡಿದ ಐಯಾಂತಿಯ ತಮ್ಮ ಕ್ಲೆಮೆಂಟ್ ಮತ್ತೆ ಏಳಲಿಲ್ಲ.

ಈಗ ಆ ಬಂಗಲೆಯ ಹಜಾರದಲ್ಲಿ ಗೈಡ್ ಹುಡುಗಿ, "ಇಲ್ಲಿ ಆಳುಗಳನ್ನ ಮನೆಮಕ್ಕಳ ಹಾಗೆ ನೋಡ್ಕೊಳ್ತಿದ್ರು," ಎಂದಳು. ಐಯಾಂತಿ ಏನೋ ಹೇಳಲೆಂದು ಒಂದು ಹೆಜ್ಜೆ ಮುಂದೆ ಬಂದಳು.

"ಏನಾದ್ರೂ ಕೇಳ್ಬೇಕಿತ್ತಾ ಅಜ್ಜಿ?" ಎಂದಳು ಹುಡುಗಿ.

"ಇಲ್ಲ ಮಗಾ. ಚೆನ್ನಾಗಿ ಹೇಳ್ತೀಯ."

ಪ್ರವಾಸಿಗರನ್ನು ಹೋಟೆಲಿಗೆ ಬಿಟ್ಟು ಮನೆಗೆ ಹೊರಟಾಗ ಕಾರ್ಲೈಲ್ ಕೇಳಿದ: "ಯಾಕೆ ದೊಡ್ಡಮ್ಮ, ಅಲ್ಲಿ ಸುಮ್ನಾಗ್ಬಿಟ್ಟೆ?"

"ಪಾಪ, ಬಾಯಿಪಾಠ ಮಾಡಿದ್ದನ್ನ ಒಪ್ಪಿಸ್ತಿತ್ತು ಆ ಮಗು. ಅಷ್ಟು ಜನರ ಮುಂದೆ ಅದರ ಮುಖ ಮುರೀಲಾ?" ಎಂದಳು. ಆಮೇಲೆ ಹ್ಯಾಟ್ ತೆಗೆದು ಮಡಿಲಲ್ಲಿಟ್ಟುಕೊಂಡು, "ನಮ್ಮ ಕ್ಲೆಮೆಂಟನ ಹೆಸರಾದ್ರೂ ಹೇಳ್ಬೇಕಿತ್ತು ಕಣೋ," ಎಂದು ಬಿಕ್ಕಿದಳು.

"ಮುಂದಿನ ವಾರ ಮತ್ತೆ ಹೋಗೋಣ. ಆಗ ಹೇಳು."

"ಇಷ್ಟು ವರ್ಷಕ್ಕೆ ಒಂದ್ಸಲ ಧೈರ್ಯ ತಂದ್ಕೊಂಡು ಆ ಮೆಟ್ಟಿಲು ಹತ್ತಿದೆ. ಇನ್ನೊಂದ್ಸಲ ನನ್ನ ಕೈಲಾಗಲ್ಲಪ್ಪ."

ಕಾರ್ಲೈಲ್ ಆಮೇಲೂ ಎಷ್ಟೋ ಸಲ ಕರೆದ. ಅವಳು ಬರಲಿಲ್ಲ.