ಜಗಳಕ್ಕೆ ತಂದ ತೆಂಗಿನಕಾಯಿ

ಅಮೆರಿಕದ ಮೆಟುಚೆನ್ನಿನ ದ್ವಾರಕಾನಾಥರಿಗೂ ಜೆರಿಕೋದ ಸುಬ್ಬು ಅವರಿಗೂ ಎಣ್ಣೆ ಸೀಗೆಕಾಯಿ ಆದದ್ದು ಕನ್ನಡ ಕೂಟದ ನಾಟಕದ ದಿನ. ದ್ವಾರಕಾನಾಥರು ನಾಯಕ, ಸುಬ್ಬು ಖಳನಾಯಕ. ಕೊನೆಯ ಕತ್ತಿವರಸೆಯಲ್ಲಿ ಸುಬ್ಬು ಸಾಯಬೇಕಿತ್ತು. ಆದರೆ ಮೊದಲ ಸಾಲಿನಲ್ಲಿ ಹೆಂಡತಿ ವಿಡಿಯೋ ಮಾಡುತ್ತಿದ್ದುದನ್ನು ಕಂಡ ಪುಣ್ಯಾತ್ಮರು ಸಾಯಲು ಒಪ್ಪಲೇ ಇಲ್ಲ. ನಾಯಕನ ಕಿರೀಟ ಹಾರಿಸಿ, ಪರದೆಯ ಆಚೆಗೆ ಅಟ್ಟಿಬಿಟ್ಟರು. ಸಭೆ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ ಕತೆಯಿಲ್ಲ.

ಇಂಥ ಮನೆಗಳ ಮಕ್ಕಳೇ ಪ್ರೀತಿಸಬೇಕೆ? ಹಿಂದಿ ಸಿನಿಮಾದಲ್ಲಾದರೆ ಟಿಕೆಟ್ ಕೊಂಡು ಕೂತು ನಗಬಹುದು. ದ್ವಾರಕಾನಾಥರ ಮಗಳು ಧೃತಿಗೆ ಇದು ಸ್ವಂತ ಬದುಕು. ಮ್ಯಾನ್‌ಹ್ಯಾಟನ್ನಿನ ಆಫೀಸಿನಲ್ಲಿ ಸಿಕ್ಕ ಗೌರವ್, ಸುಬ್ಬು ಅವರ ಮಗ ಎಂದು ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು. “ಸಿಟಿ ಹಾಲ್‌ನಲ್ಲಿ ಮದುವೆ ಆಗ್ಬಿಡೋಣ” ಎಂದ ಅವನು. ಅಪ್ಪ ಧಾರೆ ಎರೆಯದ ಮದುವೆ ಅವಳಿಗೆ ಬೇಡ. ಎರಡೂ ಮನೆಯವರು ಒಪ್ಪಿದರೆ ಮದುವೆ, ಇಲ್ಲದಿದ್ದರೆ ಇಲ್ಲ ಎಂದುಬಿಟ್ಟಿದ್ದಳು. ಹಾಗೆಂದ ಮೇಲೆ ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ವಿಷಯ ಹೇಗೋ ಬಯಲಾಯಿತು. ಶನಿವಾರ ಬೆಳಿಗ್ಗೆ ಸುಬ್ಬು, ಹೆಂಡತಿ ಕಲಾ ಮತ್ತು ಮಗನ ಸಮೇತ ದಂಡೆತ್ತಿ ಬಂದರು. ದ್ವಾರಕಾನಾಥರು ಡ್ರೈವ್‌ವೇಯಲ್ಲಿ ಹಿಮ ಗೋರುತ್ತಿದ್ದರು.

“ನಿಮ್ಮ ಮಗಳಿಗೆ ಬುದ್ಧಿ ಹೇಳ್ರೀ!”

“ಮೊದ್ಲು ನಿಮ್ಮ ಮಗನಿಗೆ ಹೇಳಿ!”

ದ್ವಾರಕಾನಾಥರು ಸಲಿಕೆ ಎತ್ತಿದರು, ಸುಬ್ಬು ಕಾರಿನ ಹಿಮ ಒರೆಸುವ ಬ್ರಷ್ ಎತ್ತಿದರು. ಅರವತ್ತು ದಾಟಿದ ಇಬ್ಬರು ಇಂಜಿನಿಯರುಗಳು ಮಂಕಿ ಕ್ಯಾಪ್ ಹಾಕಿಕೊಂಡು ಯುದ್ಧಕ್ಕಿಳಿದರು. ಬಿಡಿಸಲು ಹೋದ ಗೌರವನ ಬೆನ್ನಿಗೆ ಎರಡೂ ಕಡೆಯಿಂದ ಬಿತ್ತು. ಕೊನೆಗೆ ಇಬ್ಬರೂ ಜಾರಿ ಒಂದೇ ಹಿಮದ ಗುಡ್ಡೆಯಲ್ಲಿ ಕುಕ್ಕರಿಸಿದರು. ಕಿಟಕಿಯಲ್ಲಿದ್ದ ಧೃತಿಗೆ ನಗು ಬರಲಿಲ್ಲ. ಮದುವೆಯ ಕತೆ ಇಲ್ಲಿಗೆ ಮುಗಿಯಿತು ಅನ್ನಿಸಿತು.

ಅಷ್ಟರಲ್ಲಿ ಕಲಾ ಒಳಗೆ ಬಂದು ಧೃತಿಯ ತಾಯಿ ಅನಸೂಯರ ಕೈಗೆ ಒಂದು ಚೀಲ ತುರುಕಿದರು. “ತಗೊಳ್ಳಿ, ಹೂವು ಹಣ್ಣು ಕಾಯಿ. ಬರಿಗೈಲಿ ಬರಬಾರದು ಅಂತ ಹಿಕ್ಸ್‌ವಿಲ್‌ನ ಇಂಡಿಯನ್ ಅಂಗಡೀಲಿ ತಗೊಂಡೆ. ಅದಿರ್ಲಿ, ನಿಮ್ಮ ಹುಡುಗಿಗೆ ಬೇರೆ ಯಾರೂ ಸಿಗಲಿಲ್ವಾ?”

ಅನಸೂಯ ಚೀಲವನ್ನು ದೇವರ ಮುಂದಿಟ್ಟು ಕೈಮುಗಿದು ಬಂದು, ತೋಳೇರಿಸಿದರು. ಮಾತಿಗೆ ಮಾತು ಬೆಳೆಯಿತು. “ಈ ಸಂಬಂಧ ನಮಗೆ ಬೇಡ!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಅದೊಂದರಲ್ಲಿ ಮಾತ್ರ ಒಮ್ಮತ. ಕಲಾ ದಡದಡನೆ ಬಾಗಿಲಿಗೆ ನಡೆದರು.

“ನಿಲ್ಲಿ!” ಅನಸೂಯ ಗುಡುಗಿದರು. “ಕುಂಕುಮ ತಗೊಳ್ದೆ ಹೋಗ್ತೀರಾ?”

ಕಲಾ ನಿಂತರು. ಸಿಟ್ಟು ಎಷ್ಟೇ ಇರಲಿ, ಮುತ್ತೈದೆ ಕುಂಕುಮ ಬಿಟ್ಟು ಹೋಗುವುದುಂಟೆ? ಅನಸೂಯ ಮುಖ ಗಂಟಿಕ್ಕಿಕೊಂಡೇ ಅರಿಸಿನ ಕುಂಕುಮ ಕೊಟ್ಟು, ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಮುಂದಕ್ಕೆ ಹಿಡಿದರು. ಕಲಾ ಮುಖ ತಿರುಗಿಸಿಕೊಂಡೇ ದುಪಟ್ಟಾ ಒಡ್ಡಿ ತುಂಬಿಸಿಕೊಂಡರು.

ಸೋಫಾದ ಮೂಲೆಯಲ್ಲಿದ್ದ ಧೃತಿಯ ಅಜ್ಜಿ ಶೈಲಮ್ಮ ಕನ್ನಡಕ ಸರಿಮಾಡಿಕೊಂಡರು.

“ಅವರು ತಂದಿದ್ದು ನೀನು ದೇವರ ಮುಂದಿಟ್ಟೆ. ನೀನು ಕೊಟ್ಟಿದ್ದು ಅವರು ಮಡಿಲಿಗೆ ಹಾಕ್ಕೊಂಡ್ರು. ತಾಂಬೂಲ ಬದಲಾಯ್ಸಿ ಆಯ್ತಲ್ಲ! ಇದನ್ನೇ ಕಣ್ರಮ್ಮಾ ನಿಶ್ಚಿತಾರ್ಥ ಅನ್ನೋದು.”

“ಅತ್ತೇ, ಅದು ಅಭ್ಯಾಸಬಲ!” ಎಂದರು ಅನಸೂಯ.

“ಹಾಗಾದ್ರೆ ವಾಪಸ್ ಇಸ್ಕೋ.”

ಕಲಾ ದುಪಟ್ಟಾವನ್ನು ಎದೆಗವಚಿಕೊಂಡರು. “ತಾಂಬೂಲ ವಾಪಸ್ ಕೊಡೋದಾ? ಮಕ್ಕಳಿಗೆ ಒಳ್ಳೇದಾಗುತ್ತಾ? ಬಿಡ್ತು ಅನ್ನಿ!”

ಹೇಳಿದ ಮೇಲೆ ತಾವು ಹೇಳಿದ್ದೇನೆಂದು ಅವರಿಗೇ ಹೊಳೆಯಿತು. ಬಾಗಿಲಲ್ಲಿ ಗಂಡಸರಿಬ್ಬರು ತೊಯ್ದು ತೊಪ್ಪೆಯಾಗಿ, ಅವರ ಹಿಂದೆ ಗೌರವ್, ಎಲ್ಲ ಕೇಳಿಸಿಕೊಂಡು ನಿಂತಿದ್ದರು.

ದ್ವಾರಕಾನಾಥರು ಮೆಟ್ಟಿಲ ಬಳಿ ನಿಂತಿದ್ದ ಮಗಳನ್ನು ನೋಡಿದರು. “ನಿಂಗೆ ಇವನೇ ಬೇಕಾ ಪುಟ್ಟಿ?”

ಧೃತಿ ಹೌದೆಂದು ತಲೆಯಾಡಿಸಿದಳು.

ಅಪ್ಪ ಒಂದು ಟವೆಲ್ ತಂದು ಸುಬ್ಬು ಅವರ ಮುಂದೆ ಹಿಡಿದರು. “ತಲೆ ಒರೆಸ್ಕೊಳ್ಳಿ ಬೀಗರೇ, ಶೀತ ಆಗುತ್ತೆ.” ಸುಬ್ಬು “ಸರಿ ಬೀಗರೇ” ಎಂದು ಟವೆಲ್ ತೆಗೆದುಕೊಂಡರು.

ಬೀಗರೇ! ಧೃತಿ ಮೆಟ್ಟಿಲ ಮೇಲೆ ಕುಸಿದು ಕೂತು, ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಸದ್ಯ, ಬದುಕಿಕೊಂಡೆ ಎಂದು ಮನಸಾರೆ ಅತ್ತಳು.