ಹತ್ತು ಹೆಜ್ಜೆ ದೂರದ ಆಸ್ಪತ್ರೆ

ಎನೀಫಾ ತನ್ನ ಬಾಗಿಲಲ್ಲಿ ನಿಂತು ಸೀನಿದ್ರೆ ಎದುರಿನ ಆಸ್ಪತ್ರೇಲಿ ಮಲಗಿರೋ ರೋಗಿ ಬೆಚ್ಚಿ ಏಳ್ಬೇಕು, ಅಷ್ಟು ಹತ್ತಿರ. ಆ ಗೇಟಿನ ಮುಂದೇನೇ ಅವಳು ದಿನಾ ಮಂದಾಸಿ ಬೋಂಡ ಕರೀತಿದ್ಲು. ನರ್ಸ್ ಚಿಂಫಾಂಬಮ್ಮ ಒಬ್ಬಳೇ ಬೆಳಗಾದ್ರೆ ಎಂಟು ನುಂಗೋಳು.

ಹೆರಿಗೆಗೆ ಹೋಗೋರು ಬೇಸಿನ್ನು, ಬ್ಲೇಡು, ಮಂಚಕ್ಕೆ ಹಾಸೋ ಕರೀ ಪ್ಲಾಸ್ಟಿಕ್ಕು ಎಲ್ಲಾ ತಾವೇ ಒಯ್ಯಬೇಕು. ತನ್ನ ಹೆರಿಗೆಗೆ ಎನೀಫಾ, ಕಾಸಿಲ್ದೆ, ಪ್ಲಾಸ್ಟಿಕ್ಕಿನ ಬದಲು ಗೊಬ್ಬರದ ಚೀಲ ಬಿಚ್ಚಿ, ಮೂರು ಸಲ ತೊಳೆದು ಒಯ್ದಿದ್ಲು.

"ಏನವ್ವಾ, ಹೆರೋಕೆ ಬಂದ್ಯೋ, ಮೆಕ್ಕೆಜೋಳ ಒಣಗಿಸೋಕೆ ಬಂದ್ಯೋ?" ಅಂತ ನರ್ಸಮ್ಮ ಕೂಗಿದ್ದಕ್ಕೆ ವಾರ್ಡಿಗೆ ವಾರ್ಡೇ ನಕ್ಕಿತ್ತು. ಪಕ್ಕದ ಮಂಚದ ಹೆಡ್‌ಮಾಸ್ಟರ ಹೆಂಡ್ತಿ ಬರಿಗೈಲಿ ಬಂದಿದ್ಲು. ಅವಳಿಗೆ ಆಸ್ಪತ್ರೆ ಕಪಾಟಿಂದಲೇ ಹೊಸ ಪ್ಲಾಸ್ಟಿಕ್ ಹಾಳೆ, ಮೇಲೆ "ತಣ್ಣಗಿದ್ಯಾ ಮೇಡಂ?" ಅನ್ನೋ ಉಪಚಾರ ಬೇರೆ.

ಹೆರಿಗೆಯಾದ ಆರನೇ ದಿನ ತೋರಿಸೋಕೆ ಬಾ ಅಂದಿದ್ರು. ಅಷ್ಟರಲ್ಲಿ ಎನೀಫಾ ಎಡಮೊಲೆ ಕಲ್ಲಾಗಿತ್ತು. ಜ್ವರಕ್ಕೆ ಅವಳ ಹಣೆ ಮೇಲೇ ಮಂದಾಸಿ ಕರೀಬಹುದಿತ್ತು. ಮಗು ಹಾಲಿಲ್ದೆ ಕಿರುಚ್ತಿತ್ತು.

"ಹೋಗೇ, ಹತ್ತೇ ಹೆಜ್ಜೆ," ಅಂದ್ಲು ಅಜ್ಜಿ ನಬಂಡ.

"ಚೀಲದವಳು ಬಂದ್ಲು ಅನ್ನಿಸ್ಕೊಳೋಕಾ? ಸತ್ರೂ ಹೋಗಲ್ಲ."

"ಸತ್ರೆ ಅಲ್ಲಿಗೇ ಕಣೇ ಹೊತ್ಕೊಂಡು ಹೋಗೋದು. ಜೀವ ಇರೋವಾಗ ನಡ್ಕೊಂಡಾದ್ರೂ ಹೋಗು!"

ಮಾರನೇ ದಿನ ಮನೆಮನೆ ತಿರುಗೋ ಆರೋಗ್ಯ ಇಲಾಖೆಯ ಫಿಲಿಮೋನ್ ಪುಸ್ತಕ ಹಿಡ್ಕೊಂಡು ಬಂದ. "ತಪಾಸಣೆಗೆ ಯಾಕಮ್ಮ ಬರ್ಲಿಲ್ಲ? ದೂರಾನೋ, ಗಂಡ ಬೇಡ ಅಂದ್ನೋ, ಮೂಢನಂಬಿಕೆಯೋ?"

"ನರ್ಸಮ್ಮನ ಬಾಯಿ."

"ಅದನ್ನ ಬರೆಯೋಕೆ ಈ ಪುಸ್ತಕದಲ್ಲಿ ಜಾಗ ಇಲ್ಲ ತಾಯಿ." ಆಸ್ಪತ್ರೆ ಗೋಡೆಗೇ ಒರಗಿ ನಿಂತು 'ದೂರ' ಅಂತ ಗೀಟು ಹಾಕ್ಕೊಂಡು ಹೋದ.

ಎಂಟನೇ ದಿನ ನರ್ಸಮ್ಮನೇ ಹಸ್ಕೊಂಡು ಬಂದ್ಲು. ಬಾಗಿಲು ಸಾಲ್ದೆ ಅಡ್ಡ ತಿರುಗಿ ಒಳಗೆ ನುಗ್ಗಿ, "ಮಂದಾಸಿ ಇಲ್ದೆ ಕಡ್ಡಿಯಾಗ್ಹೋದೆ ಕಣೇ!" ಅಂತ ಎನೀಫಾ ಕೈ ಹಿಡಿದವಳು ಥಟ್ಟನೆ ಬಿಟ್ಲು. "ಅಯ್ಯೋ, ಸುಡ್ತಿದೆ! ಬಾಣಂತೀನ ಹೀಗಾ ಬಿಡೋದು? ಯಾವ ಬುದ್ಧಿಗೇಡಿ ನಿನ್ನ ಹೆರಿಗೆ ಮಾಡ್ಸಿದ್ದು?"

"ನೀವೇ, ಸಿಸ್ಟರ್. ಅವತ್ತು ಚೀಲ ನೋಡಿದ್ರಿ, ಮುಖ ನೋಡ್ಲಿಲ್ಲ."

ನರ್ಸಮ್ಮ ಮಗೂನ ಎತ್ತಿ ತನ್ನ ಬೆನ್ನಿಗೆ ಕಟ್ಕೊಂಡು ಆಸ್ಪತ್ರೆ ಕಡೆ ನಡೆದ್ಲು. ಮಗು ಹೋದ್ಮೇಲೆ ತಾಯಿ ನಿಲ್ತಾಳಾ? ಎನೀಫಾನೂ ಹಿಂದೆ ಹೋದ್ಲು. ಮಾತ್ರೆ ಬಿತ್ತು, ಜ್ವರ ಇಳೀತು, ಹಾಲು ಇಳೀತು.

ಫಿಲಿಮೋನ್ ಬರ್ಕೊಂಡಿದ್ದೂ ಸುಮ್ನೆ ಹೋಗ್ಲಿಲ್ಲ. 'ದೂರದ ಬಾಣಂತಿ'ಗೆ ಅಂತ ರಾಜಧಾನಿ ಲಿಲೊಂಗ್ವೆಯಿಂದ ರೋಗಿಗಳನ್ನ ಒಯ್ಯೋ, ಮಂಚ ಕಟ್ಟಿದ ಸೈಕಲ್ ಬಂತು. ಎನೀಫಾ ಈಗ ಅದರ ಮೇಲೆ ಆ ಗೊಬ್ಬರದ ಚೀಲ ಹಾಸಿ, ನರ್ಸಮ್ಮನ ಕಣ್ಣೆದುರೇ ಮೆಕ್ಕೆಜೋಳ ಒಣಗಿಸ್ತಾಳೆ.